ಗಟ್ಟಿಮೇಳದ ಹೊತ್ತಲ್ಲಿ ಗೆದ್ದ ದೀಪ

ನಮ್ಮೂರ ಛತ್ರದ ಗೋಡೇಲಿ ಬೆಂಕಿ ಬಿದ್ರೆ ಕೂಗೋ ಗಂಟೆ ಒಂದಿತ್ತು. ಅದು ಕೂಗಿದ್ರೆ ಮೂರು ತಾಲೂಕಿನ ಎಮ್ಮೆಗಳು ಹಗ್ಗ ಕಿತ್ಕೊಂಡು ಓಡ್ತಿದ್ವು. ಕಿವಿ ಕೇಳದೋರಿಗೂ ತಿಳೀಲಿ ಅಂತ ಪಕ್ಕದಲ್ಲಿ ಅದರ ಜೊತೆಗೇ ಮಿನುಗೋ ದೀಪ ಹಾಕಿದ್ರು.

"ಬಾಯಿಲ್ಲದೋನೇ, ನಿನಗೇನೋ ಕೆಲಸ ಇಲ್ಲಿ?" ಅಂತು ಗಂಟೆ.

"ನಿಮ್ಮ ಕೂಗು ಮುಟ್ಟದೋರಿಗೆ ಹೇಳ್ತೀನಿ, ಸ್ವಾಮಿ."

"ಅಂಥೋರು ಯಾರಿದಾರೋ?"

ಒಂದು ಮದುವೇಲಿ ತಾಳಿ ಕಟ್ಟೋ ಹೊತ್ತಿಗೇ ಅಡುಗೆಮನೆಗೆ ಬೆಂಕಿ ಬಿತ್ತು. ಗಂಟೆ ಗಂಟಲು ಹರ್ಕೊಂಡು ಕೂಗ್ತು. ಗಟ್ಟಿಮೇಳದ ಅಬ್ಬರದಲ್ಲಿ ಸಾವಿರ ಜನಕ್ಕೂ ಕೇಳಿಸ್ಲಿಲ್ಲ, ಎಲ್ರ ಕಣ್ಣೂ ತಾಳಿ ಮೇಲೆ. ದೀಪ ಮಿನುಗಿದ್ದು ಕಂಡಿದ್ದು ಹುಟ್ಟಾ ಕಿವಿ ಕೇಳದ ಹೂವಾಡಗಿತ್ತಿ ಗಿರಿಜವ್ವಂಗೆ ಮಾತ್ರ. ಓಡಿಹೋಗಿ ಡೋಲಿನೋನ ಕೋಲು ಕಿತ್ಕೊಂಡು ದೀಪ ತೋರಿಸಿದ್ಳು. ಮೇಳ ನಿಂತ್ಮೇಲೇ ಗಂಟೆ ಕೇಳಿಸಿದ್ದು! ಎಲ್ರೂ ಬಯಲಿಗೆ ಬಂದು ಬದುಕಿದ್ರು. ಅಲ್ಲೇ ತಾಳಿ ಕಟ್ಟಿಸಿ, ಮೊದಲ ಅಕ್ಷತೆ ಗಿರಿಜವ್ವನ ಕೈಲೇ ಹಾಕಿಸಿದ್ರು.

ಅವತ್ತಿಂದ ಗಂಟೆ ಆ ದೀಪನ "ಅಣ್ಣಾ" ಅನ್ನುತ್ತೆ. ನಂಬಿಕೆ ಬರದಿದ್ರೆ ಎಮ್ಮೆಗಳನ್ನೇ ಕೇಳಿ.