ನಡೆದಾಡಿದ ಹೊಸ್ತಿಲು

ಒಂದಾನೊಂದು ಊರಿನಲ್ಲಿ, ಹಿಮ ಬೀಳುವ ಊರು ಅದು, ವರ್ಷದಲ್ಲಿ ಒಂಬತ್ತು ತಿಂಗಳು ಬೀಳುತ್ತದೆ, ಉಳಿದ ಮೂರು ತಿಂಗಳು ಬೀಳಲೋ ಬೇಡವೋ ಅಂತ ಯೋಚಿಸುತ್ತದೆ, ಅಂಥ ಊರಿನಲ್ಲಿ ಗೊರ್ದೇಯ ಅಂತ ಒಬ್ಬ ದೊರೆ ಇದ್ದ. ಅವನ ಮನೆ ಎಷ್ಟು ದೊಡ್ಡದು ಅಂದರೆ, ಪಡಸಾಲೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹಿತ್ತಲಲ್ಲಿ ಬೆಳಗಿನ ಹಾಲು ಕರೆಯುತ್ತಿದ್ದರು. ಇಷ್ಟಿದ್ದೂ ದೊರೆಗೆ ಇಕ್ಕಟ್ಟು. ಯಾಕೆ ಇಕ್ಕಟ್ಟು ಅಂತ ನನ್ನ ಕೇಳಬೇಡಿ. ದೊರೆಗಳಿಗೆ ಇಕ್ಕಟ್ಟಾಗುವುದಕ್ಕೆ ಜಾಗ ಕಡಿಮೆ ಇರಲೇಬೇಕು ಅಂತೇನಿಲ್ಲ.

ಪಕ್ಕದ ಮನೆ ಸೊಲೋಮಿಯಾಳದು. ಚಿಕ್ಕ ಮನೆ. ಬಾಗಿಲ ಹತ್ತಿರ ಕಿರಿದು, ಒಳಗೆ ಹೋದಷ್ಟೂ ಅಗಲ. ಕೊನೆಯಲ್ಲಿ ಮಣ್ಣಿನ ದೊಡ್ಡ ಒಲೆ, ಬೆಂಕಿ ಒಳಗೆ, ಮೇಲೆ ಮಂಚದಷ್ಟು ಅಗಲದ ಬೆಚ್ಚಗಿನ ಕಟ್ಟೆ. ಆ ಸೀಮೆಯಲ್ಲಿ ವಯಸ್ಸಾದವರು ಒಲೆಯ ಮೇಲೆಯೇ ಹಾಸಿಕೊಂಡು ಮಲಗುತ್ತಾರೆ. ಇಲ್ಲದಿದ್ದರೆ ಚಳಿಗೆ ಬೆಳಗ್ಗೆ ಏಳುವುದಿಲ್ಲ. ಸೊಲೋಮಿಯಾಳ ತಾಯಿ ಅಲ್ಲೇ ಮಲಗಿದ್ದಳು. ಕಣ್ಣು ಕಾಣದು, ಕಾಲು ಬಾರದು. ಒಲೆ ಇದ್ದರೆ ತಾಯಿ ಇದ್ದಾಳೆ. ಒಲೆ ಹೋದರೆ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಉಂಟು. ಹೊಸ್ತಿಲಿನ ಆಚೆ ಒಬ್ಬ, ಈಚೆ ಒಬ್ಬ ನಿಂತು ಕೈಕುಲುಕಬಾರದು. ಕುಲುಕಿದರೆ ಜಗಳ ಖಂಡಿತ. ನಮ್ಮಲ್ಲೂ ಹೊಸ್ತಿಲ ಮೇಲೆ ನಿಂತು ಕೊಡುವುದು ತೆಗೆದುಕೊಳ್ಳುವುದು ಮಾಡುತ್ತೇವೆಯೇ? ಹಾಗೇ.

ಒಂದು ದಿನ ದೊರೆ ಬಂದು ಸೊಲೋಮಿಯಾಳ ಬಾಗಿಲಲ್ಲಿ ನಿಂತ. ಹಿಂದೆ ನಲವತ್ತು ಆಳುಗಳು, ಜೊತೆಗೆ ಅವನ ಬಡಗಿ ಯೆರ್ಮೊಲಾಯಿ.

"ತಂಗೀ, ನಾನು ನಿನ್ನ ಅಣ್ಣ. ಕೈ ಕೊಡು."

"ಹೊಸ್ತಿಲು ಅಡ್ಡ ಇದೆಯಲ್ಲ ಅಣ್ಣ. ಇರು, ನಾನೇ ಹೊರಗೆ ಬರ್ತೀನಿ."

"ಬೇಡ ತಂಗಿ, ನೆಗಡಿ ಆದೀತು. ನಾವು ಜಗಳನೂ ಆಡಬಾರದು. ನಂಗೆ ಜಗಳ ಅಂದ್ರೆ ಆಗೋದೇ ಇಲ್ಲ. ಯೆರ್ಮೊಲಾಯಿ, ಹೊಸ್ತಿಲು ಕೀಳು. ನಾಲ್ಕು ಹೆಜ್ಜೆ ಒಳಗಿಡು."

ಬಡಗಿ ಕಿತ್ತ. ನಾಲ್ಕು ಹೆಜ್ಜೆ ಒಳಗಿಟ್ಟ. ದೊರೆಯೂ ನಾಲ್ಕು ಹೆಜ್ಜೆ ಒಳಗೆ ಬಂದ. ಕೈ ಚಾಚಿದ. ನೋಡಿದರೆ ಮತ್ತೆ ಹೊಸ್ತಿಲು ಅಡ್ಡ!

"ಅಯ್ಯೋ, ಮತ್ತೆ ಜಗಳ ಆಗತ್ತಲ್ಲ ತಂಗಿ! ಯೆರ್ಮೊಲಾಯಿ, ಇನ್ನೂ ನಾಲ್ಕು ಹೆಜ್ಜೆ."

"ಹೊರಗಡೆಗೆ ಸರಿಸಿದ್ರೆ ಆಗಲ್ವಾ?" ಅಂದಳು ಸೊಲೋಮಿಯಾ.

"ಹೊಸ್ತಿಲು ಹಿಂದೆ ಹೋಗೋದು ಅಪಶಕುನ. ಹಾಗೇ, ಹೊಸ್ತಿಲಿನ ಈಚೆಗೆ ಇರೋದೆಲ್ಲ ನನ್ನ ಮನೆ. ಇದು ನಾನು ಮಾಡಿದ್ದಲ್ಲ ತಂಗಿ, ಹೊಸ್ತಿಲು ಮಾಡಿದ್ದು."

ಆಗ ಹೊಸ್ತಿಲೇ ಬಾಯಿ ಬಿಟ್ಟಿತು. "ನಾನು ಬಿದ್ದಲ್ಲೇ ಬಿದ್ದಿರೋಕೆ ಹುಟ್ಟಿದವನು ಸ್ವಾಮಿ. ಓಡಾಡೋಕೆ ಅಲ್ಲ."

"ಬಾಯಿ ಮುಚ್ಚು," ಅಂದ ದೊರೆ.

ಒಲೆಯ ಮೇಲಿಂದ ಮುದುಕಿ ಕೇಳಿದಳು, "ಮಗಳೇ, ಹೊಸ್ತಿಲು ಎಲ್ಲಿಗೆ ಬಂತು?"

"ಮಡಕೆಗಳ ಹತ್ತಿರ ಬಂತಮ್ಮ."

ಈಗ ಒಂದು ತೊಡಕು. ಒಳಗೆ ಹೋದಷ್ಟೂ ಮನೆ ಅಗಲ, ಹೊಸ್ತಿಲು ಮಾತ್ರ ಅಷ್ಟೇ ಉದ್ದ. ಗೋಡೆಯಿಂದ ಗೋಡೆಗೆ ಮುಟ್ಟದಿದ್ದರೆ ಅದು ಹೊಸ್ತಿಲಲ್ಲ, ಬರೀ ಹಲಗೆ. ಬಡಗಿ ತಲೆ ಕೆರೆದುಕೊಂಡ. "ಮರ ಸಾಲದು ದೊರೆ."

"ನಮ್ಮ ಮನೆಯಿಂದ ತಾ. ಅಷ್ಟು ದೊಡ್ಡ ಮನೇಲಿ ಒಂದು ತೊಲೆ ಹೋದ್ರೆ ಯಾರಿಗೆ ಗೊತ್ತಾಗತ್ತೆ?"

ತೊಲೆ ಬಂತು. ನಾಲ್ಕು ಹೆಜ್ಜೆ. ಮೆಟ್ಟಿಲು ಬಂತು. ಇನ್ನೂ ನಾಲ್ಕು ಹೆಜ್ಜೆ. ಜಂತೆ ಬಂತು, ಕಂಬ ಬಂತು.

ದೊರೆಯ ಮನೆಯಲ್ಲಿ ಚಳಿ ಹೊಕ್ಕಿತು. ಒಬ್ಬಳು ಅಡುಗೆಯವಳು, "ಹೊಸ್ತಿಲು ನಡೀತಿದೆಯಂತೆ," ಅಂದಳು, ಅಷ್ಟೇ. ದೊರೆ ಆಜ್ಞೆ ಹೊರಡಿಸಿದ. ಹೊಸ್ತಿಲು ನಡೆಯುತ್ತಿದೆ ಅನ್ನಬಾರದು, ಪಕ್ಕದ ಮನೆ ಹಿಂದೆ ಸರಿಯುತ್ತಿದೆ ಅನ್ನಬೇಕು. ತಪ್ಪಿದವರು ಹದಿನೈದು ವರ್ಷ ಮೂಲೆಯಲ್ಲಿ ನಿಲ್ಲಬೇಕು. ಅಡುಗೆಯವಳು ನಿಂತಳು. ಅಡುಗೆ ಎಲ್ಲಿ ಅಂತ ಕೇಳಿದವರೂ ನಿಂತರು. ಮೂಲೆಗಳೆಲ್ಲ ತುಂಬಿದವು. ಆಮೇಲೆ ಮರಕ್ಕಾಗಿ ಗೋಡೆಗಳನ್ನೂ ಕಿತ್ತರು. ಗೋಡೆ ಹೋದ ಮೇಲೆ ಮೂಲೆ ಎಲ್ಲಿಂದ ಬರಬೇಕು? ಆದರೂ ಅವರು ಬಟ್ಟಬಯಲಲ್ಲಿ, ಮೂಲೆ ಇದ್ದ ಕಡೆಗೆ ಮುಖ ಮಾಡಿ ನಿಂತೇ ಇದ್ದರು. ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ಸೊಲೋಮಿಯಾ ಹಿಂದಿನ ಕಿಟಕಿಯಿಂದ ಪಡುವಣ ಓಣಿಯವರನ್ನು ಕೂಗಿದಳು. ಅಲ್ಲಿ ಇಪ್ಪತ್ತೇಳು ದೊರೆಗಳು ಒಂದೇ ಮೇಜಿನ ಸುತ್ತ ವಾಸ. ಇಪ್ಪತ್ತೇಳು ಜನವೂ ಒಟ್ಟಿಗೆ 'ಹೂಂ' ಅನ್ನದೆ ಒಬ್ಬನೂ ಸೀನುವಂತಿಲ್ಲ.

"ಸ್ವಾಮೀ, ಹೊಸ್ತಿಲು ನಡೀತಿದೆ!"

ಅವರಿಗೆ ಬೇಸರವಾಯಿತು. ಬಹಳ ಬೇಸರವೋ ತುಂಬಾ ಬೇಸರವೋ ಅಂತ ಒಂಬತ್ತು ದಿನ ಚರ್ಚೆ ಮಾಡಿದರು. ಅವರ ಮನೆಗಳಿಗೆ ಬಿಸಿಗಾಳಿ ಬರುತ್ತಿದ್ದುದು ಗೊರ್ದೇಯನ ಒಲೆಯಿಂದ, ಒಂದು ಉದ್ದ ಕೊಳವೆಯಲ್ಲಿ. ಅದೇ ಕೊಳವೆಗೆ ಬಾಯಿಟ್ಟು ಗೊರ್ದೇಯನನ್ನು ಚೆನ್ನಾಗಿ ಬೈದರು. ಬೈದು ಮುಗಿಸಿ ಅದೇ ಕೊಳವೆಗೆ ಅಂಗೈ ಒಡ್ಡಿ ಕಾಯಿಸಿಕೊಂಡರು. ಕೊನೆಗೆ ಸೊಲೋಮಿಯಾಳಿಗೆ ಒಂದು ಬೂಟು ಕಳಿಸಿದರು. ಎಡಗಾಲಿನದು.

"ಬಲಗಾಲಿಂದು?"

"ಎರಡೂ ಕೊಟ್ರೆ ನೀನು ಗಟ್ಟಿಯಾಗಿ ನಿಲ್ತೀಯ. ನೀನು ಗಟ್ಟಿಯಾಗಿ ನಿಂತ್ರೆ ಅವನಿಗೆ ಸಿಟ್ಟು ಬರತ್ತೆ. ಮುಂದಿನ ಚಳಿಗಾಲಕ್ಕೆ ನೋಡೋಣಮ್ಮ."

ಸೊಲೋಮಿಯಾ ಎಡಗಾಲಿಗೆ ಬೂಟು ಹಾಕಿಕೊಂಡಳು. ಬಲಗಾಲಿಗೆ ಹಳೇ ಬಟ್ಟೆ ಸುತ್ತಿಕೊಂಡಳು. ಒಲೆಯಿಂದ ರೊಟ್ಟಿ ತೆಗೆಯುವ ಉದ್ದನೆಯ ಮರದ ಸಟ್ಟುಗ ಹಿಡಿದು ಒಲೆಯ ಮುಂದೆ ನಿಂತಳು. ಹೊಸ್ತಿಲು ಹೊತ್ತು ಬಂದವರಿಗೆಲ್ಲ ಬಿತ್ತು ಏಟು. ಬಿದ್ದ ನಲವತ್ತು ಆಳುಗಳಲ್ಲಿ ಹನ್ನೆರಡೇ ಜನ ಮತ್ತೆ ಎದ್ದು ನಿಂತರು. ಉಳಿದವರ ತಾಯಂದಿರು ಎಲ್ಲಿ ಅತ್ತರೋ, ಅಳುವುದಕ್ಕೂ ಅಪ್ಪಣೆ ಇರಲಿಲ್ಲ.

"ಕೈ ಕೊಡು ತಂಗಿ," ಅಂದ ದೊರೆ. ಅವನ ದನಿ ಈಗ ಅಣ್ಣನ ದನಿಯಾಗಿರಲಿಲ್ಲ.

"ಕೊಡಲ್ಲ ದೊರೆ," ಅಂದಳು. ಅಣ್ಣ ಅನ್ನುವುದನ್ನು ಅವಳೂ ಬಿಟ್ಟಿದ್ದಳು.

"ಮಗಳೇ, ಹೊಸ್ತಿಲು ಎಲ್ಲಿಗೆ ಬಂತು?"

"ಒಲೆಗೆ ಒಂದು ಗೇಣು ಇದೆಯಮ್ಮ."

ಇನ್ನೊಂದೇ ಒಂದು ಸಲ ಸರಿಸಿದರೆ ಒಲೆಯೂ ದೊರೆಯದೇ, ಒಲೆಯ ಮೇಲಿನ ತಾಯಿಯೂ ದೊರೆಯವಳೇ. ಬಡಗಿ ಅಳೆದು ನೋಡಿದ. ಒಂದು ಮೊಳ ಮರ ಕಡಿಮೆ.

"ತಾ!"

"ಉಳಿದಿರೋದು ಒಂದೇ ದೊರೆ. ನಿಮ್ಮ ಮನೆ ಹೊಸ್ತಿಲು."

"ಅದನ್ನೂ ಕೀಳು!"

ಯೆರ್ಮೊಲಾಯಿ ಹೋದ. ಸೊಲೋಮಿಯಾ ಸಟ್ಟುಗ ಹಿಡಿದೇ ಕಾದಳು. ದೊರೆಯೂ ಕಾದ. ಮೂರು ದಿನ ಬಿಟ್ಟು ಬಡಗಿ ಬಂದ, ಬರಿಗೈಯಲ್ಲಿ.

"ಮರ ಎಲ್ಲೋ?"

"ಸುಟ್ಟುಬಿಟ್ವಿ ದೊರೆ. ಮೂಲೆಯವರೂ ನಾನೂ ಚಳಿ ಕಾಯಿಸಿಕೊಂಡ್ವಿ. ಇನ್ನೊಂದು ವಿಷಯ. ಹಿಮ ಇಷ್ಟು ದಿನ ಹೊಸ್ತಿಲಿಗೆ ಮರ್ಯಾದೆ ಕೊಟ್ಟು ಹೊರಗೇ ನಿಂತಿತ್ತು. ಕಿತ್ತ ಮೇಲೆ ಒಳಗೆ ಬಂದು ನಿಮ್ಮ ಸಿಂಹಾಸನದಲ್ಲಿ ಕೂತಿದೆ."

"ಎಬ್ಬಿಸಬೇಕಿತ್ತು!"

"ಹೇಳಿದೆ ದೊರೆ. ಅದು ನನ್ನನ್ನೇ ಕೇಳ್ತು. 'ಹೊಸ್ತಿಲಿಲ್ಲದ ಮೇಲೆ ಒಳಗು ಯಾವುದು, ಹೊರಗು ಯಾವುದು? ಇದೆಲ್ಲ ಹೊರಗೇ. ಹೊರಗು ಅಂದ್ರೆ ನನ್ನದೇ. ಇದು ನಾನು ಮಾಡಿದ್ದಲ್ಲ, ಹೊಸ್ತಿಲು ಮಾಡಿದ್ದು' ಅಂತು."

"ನೀನು ಮೂಲೆಗೆ ಹೋಗು!" ಅಂತ ದೊರೆ ಅರಚಿದ.

"ಮೂಲೆ ಇಲ್ಲ ದೊರೆ," ಅಂದ ಯೆರ್ಮೊಲಾಯಿ.

ಮುಂದೆ ಹೋಗಲು ಮರವಿಲ್ಲ. ಹಿಂದೆ ಹೋಗಲು ಮನೆಯಿಲ್ಲ. ದೊರೆ ಹೊಸ್ತಿಲ ಮೇಲೇ ಕೂತ, ಕಾಲು ಆಚೆಗೊಂದು, ಈಚೆಗೊಂದು.

"ನನ್ನ ಮೇಲೆ ಕೂರಬಾರದು ಸ್ವಾಮಿ," ಅಂತು ಹೊಸ್ತಿಲು.

"ಮತ್ತೆ ಎಲ್ಲಿ ಕೂರಲಿ?" ಅಂದ ದೊರೆ. ಅವನ ಬಾಯಲ್ಲಿ ಬಂದ ನಿಜವಾದ ಮಾತು ಅದೊಂದೇ.

ಸೊಲೋಮಿಯಾ ಸಟ್ಟುಗ ಕೆಳಗಿಡಲಿಲ್ಲ. ಕೂತವನು ಏಳಬಹುದು, ಮರ ಎಲ್ಲಿಂದಲಾದರೂ ಬರಬಹುದು. ಅವಳಿಗೆ ನಿದ್ದೆ ಇಲ್ಲ. ಬಲಗಾಲಿನ ಬೂಟಿನ ಚರ್ಚೆ ಓಣಿಯಲ್ಲಿ ಇನ್ನೂ ನಡೆದಿದೆ.

"ಮಗಳೇ, ಹೊಸ್ತಿಲು ಎಲ್ಲಿಗೆ ಬಂತು?"

"ಅಲ್ಲೇ ಇದೆಯಮ್ಮ. ನಾನೂ ಇಲ್ಲೇ ಇದ್ದೀನಿ. ನೀನು ಮಲಗು."

ನೀತಿ ಬೇಕೇ? ತಗೊಳ್ಳಿ. ಕೈಕುಲುಕಲು ಬಂದವನ ಹಿಂದೆ ಬಡಗಿ ನಿಂತಿದ್ದರೆ, ನಿಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಅವನು ಹೊಸ್ತಿಲ ಮೇಲೆ, ಅವಳು ಒಲೆಯ ಮುಂದೆ, ನಾವು ಇಲ್ಲಿ ಬೆಚ್ಚಗೆ. ಏಳಿ, ಮನೆಗೆ ಹೋಗಿ. ಹೋದ ತಕ್ಷಣ ನಿಮ್ಮ ಹೊಸ್ತಿಲು ಎಲ್ಲಿದೆ ಅಂತ ನೋಡಿಕೊಳ್ಳಿ.