ಏಳು ಗಂಟಿನ ಮಣ್ಣು

ಹೊಳೆದಂಡೆಯ ಆ ಮಠಕ್ಕೆ ಜನ ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಗುರು ಅಡವಯ್ಯ ಅದನ್ನು ಮೂಸಿ, ನಾಲಿಗೆಗೆ ಮುಟ್ಟಿಸಿ, ಯಾವ ನೆಲಕ್ಕೆ ಯಾವ ಬೀಜ ಎಂದು ಹೇಳುತ್ತಿದ್ದರು.

ಹೊಲದಲ್ಲಿ ಏಳು ಕಡೆ ಅಗೆಯಬೇಕು. ಏಳು ಬಟ್ಟೆಯಲ್ಲಿ ಬೇರೆಬೇರೆ ಗಂಟು ಕಟ್ಟಬೇಕು. ಅದು ಮಠದ ಪದ್ಧತಿ.

ಯಮನವ್ವ ಎಂಬ ರೈತ ಹೆಂಗಸಿನ ಹೊಲಕ್ಕೆ ಗುರುಗಳು ಶಿಷ್ಯ ಬಾಳಪ್ಪನನ್ನು ಕಳಿಸಿದರು. ಬಹಳ ಕಾಲ ಬೀಳು ಬಿದ್ದಿದ್ದ ನೆಲ. ಅವಳು ಅದನ್ನು ಹಸನು ಮಾಡಿದ್ದು ಈ ವರ್ಷವೇ.

ಸಂಜೆ ಬಾಳಪ್ಪ ಏಳು ಗಂಟು ತಂದಿಟ್ಟ.

"ಒಳ್ಳೆಯ ಎರೆಮಣ್ಣು, ಗುರುಗಳೇ. ಕಡಲೆ ಬಿತ್ತಲು ಹೇಳಿ ಬಂದೆ."

ಗುರುಗಳು ಒಂದೊಂದೇ ಗಂಟು ಬಿಚ್ಚಿ ರುಚಿ ನೋಡಿದರು. ಕೊನೆಗೆ ಬಾಯಿ ಮುಕ್ಕಳಿಸಿದರು.

"ಏಳಕ್ಕೂ ಒಂದೇ ರುಚಿ."

"ಸಮನಾದ ಹೊಲ, ಗುರುಗಳೇ."

"ಎಲ್ಲ ಕಡೆ ನಡೆದೆಯಾ?"

"ನಡೆದೆ."

ಗುರುಗಳು ಏಳೂ ಬಟ್ಟೆ ಕೊಡವಿ ಮಡಚಿಟ್ಟರು. ಅಂದು ಬಿಸಿಲು ಜೋರಾಗಿತ್ತು. ಏಳು ಗಂಟಿನ ಮಣ್ಣೂ ಬದುವಿನ ಬೇವಿನಮರದ ನೆರಳಿನದೇ.

ಬೆಳಗಾಗುತ್ತಲೇ ಯಮನವ್ವ ಮಠದ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಾರ, ಕೂರಿಗಿ ಹೂಡೇನಿ. ನೆಲದ ಹದ ಆರಾಕತ್ತೈತಿ. ಇವತ್ತು ಬಿತ್ತಿದ್ರ ಬಿತ್ತಿದಂಗ. ಮನ್ಯಾಗ ಉಳಿದಿರೋ ಬೀಜ ಇದೊಂದ ಚೀಲ. ನೀವ ಮೊದಲ ಹಿಡಿ ಹಾಕ್ರಿ."

"ಮಣ್ಣು ನೋಡಿದವನು ಇವನು. ಇವನೇ ಹಾಕಲಿ." ಗುರುಗಳು ಬಾಳಪ್ಪನನ್ನು ತೋರಿಸಿದರು.

ಹೊಲದಲ್ಲಿ ಗುರುಗಳು ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದರು. ಯಮನವ್ವ ಬೀಜ ಬಿತ್ತುವ ಕೂರಿಗೆಯನ್ನು ಒತ್ತಿ ಹಿಡಿದಳು. ಬಾಳಪ್ಪ ಹೆಗಲಿಗೆ ಬೀಜದ ಚೀಲ ಹಾಕಿಕೊಂಡು ಪಕ್ಕದಲ್ಲಿ ಬರಿಗಾಲಲ್ಲಿ ನಡೆದ.

"ಯಾಕೋ, ಹಿಂದ ಬೀಳಾಕತ್ತಿ?" ಯಮನವ್ವ ನಕ್ಕಳು. "ಮಣ್ಣಿನ ಪಂಡಿತಗ ಬೀಜದ ಅಂಜಿಕಿ ಏನ?"

ಮರ ಹಿಂದೆ ಉಳಿಯಿತು. ನೆಲ ಹೊಳೆಯ ಕಡೆಗೆ ಇಳಿಯಿತು. ಕಾಲಡಿಯ ಮಣ್ಣು ಬೂದಿಯಂತೆ ಮೆತ್ತಗಾಯಿತು.

ಬಾಳಪ್ಪ ಬಗ್ಗಿ ಒಂದು ಚಿಟಿಕೆ ಬಾಯಿಗಿಟ್ಟ.

ಉಪ್ಪು. ಇದು ಚೌಳು ನೆಲ. ಇಲ್ಲಿ ಬಿದ್ದ ಕಡಲೆ ಏಳುವುದಿಲ್ಲ.

ಗುರುಗಳು ತಿರುಗಿ ನೋಡಲಿಲ್ಲ.

"ಬೀಜ ಬಿಡೋ!" ಯಮನವ್ವ ಕೂಗಿದಳು.

ಅವನು ಹಿಡಿ ಮುಚ್ಚಿದ.

"ಬೇಡ ಅವ್ವಾ, ನಿಲ್ಲಿಸು! ನಾನು ಇಲ್ಲಿಗೆ ಬಂದೇ ಇರಲಿಲ್ಲ. ಏಳೂ ಗಂಟು ಆ ಮರದ ಕೆಳಗೇ ಕಟ್ಟಿದೆ."

ಯಮನವ್ವ ಕೂರಿಗೆ ಬಿಟ್ಟಳು. ಅವನ ಹೆಗಲಿನಿಂದ ಚೀಲ ಕಿತ್ತುಕೊಂಡಳು.

"ನನ್ನ ಮನ್ಯಾಗ ಮಜ್ಜಿಗಿ ಕುಡಿದು ಹೋದ್ಯಲ್ಲೋ," ಎಂದಳು.

ಬಾಳಪ್ಪ ಮುಂದೆ ನೋಡಿದ. ಎತ್ತುಗಳು ಅವನು ಕೂಗುವ ಮೊದಲೇ ನಿಂತಿದ್ದವು. ಗುರುಗಳ ಮುಷ್ಟಿಯಲ್ಲಿ ಹಗ್ಗ ಬಿಗಿದಿತ್ತು.

"ನಾನು ಬಾಯಿ ಬಿಡದೆ ಇದ್ದಿದ್ದರೆ, ಗುರುಗಳೇ?"

"ಬೀಜ ಉಳಿಯುತ್ತಿತ್ತು."

"ಮತ್ತೆ ನಾನು?"

ಗುರುಗಳು ಸೊಂಟಕ್ಕೆ ಸಿಕ್ಕಿಸಿದ್ದ ಏಳು ಖಾಲಿ ಬಟ್ಟೆ ತೆಗೆದು ಅವನ ಕೈಗಿಟ್ಟರು.

"ಹದ ಆರುವ ಮೊದಲು ನಡೆ. ನೆರಳಿಲ್ಲದ ಕಡೆಯಿಂದ ಶುರುಮಾಡು."