ಬುರುಜಿನಿಂದ ಕಂಡ ಹೊಗೆ

“ಅಯ್ಯಾ, ಸೋತವನಿಗೆ ಅನ್ನ ರುಚಿಸುತ್ತದೆಯೆ?” ಎಂದು ಶಿಷ್ಯ ಕೇಳಿದ.

ಶಿಷ್ಯ ಒಬ್ಬ ನೇಕಾರ. ಅವನ ಮನೆ ಮಠದ ಎದುರಿಗೇ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಊಟ ಆಯಿತೇ ಎಂದು ಯಾರು ಕೇಳಿದರೂ ಆಯಿತು ಎನ್ನುತ್ತಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸುಲ್ತಾನ ಇದ್ದ. ಅವನದು ಸಣ್ಣ ರಾಜ್ಯ, ಒಂದೇ ಕೋಟೆ. ಊರೆಲ್ಲ ಕೋಟೆಯ ಒಳಗೇ ಇತ್ತು. ಅವನ ಮನೆತನದಲ್ಲಿ ಒಂದು ಕಟ್ಟಳೆ. ದಿನಾ ಸಂಜೆ ನಗಾರಿ ಬಾರಿಸುತ್ತಿದ್ದರು, ಸುಲ್ತಾನ ಬುರುಜು ಹತ್ತುತ್ತಿದ್ದ. ಅಲ್ಲಿ ನಿಂತು ಊರಿನ ಮನೆಗಳನ್ನು ನೋಡುತ್ತಿದ್ದ. ಹೊಗೆ ಏಳದ ಮನೆ ಕಂಡರೆ ಅಲ್ಲಿಗೆ ಜೋಳ ಕಳಿಸುತ್ತಿದ್ದ. ಎಲ್ಲ ಮನೆಯಲ್ಲೂ ಹೊಗೆ ಎದ್ದ ಮೇಲೆ ಇಳಿದು ಬಂದು ತಾನು ಉಣ್ಣುತ್ತಿದ್ದ.

ಉತ್ತರದ ಬಾದಶಹ ಒಂದೊಂದೇ ರಾಜ್ಯ ನುಂಗುತ್ತ ಬಂದ. ಕೋಟೆ ಬಿಟ್ಟುಕೊಡು ಎಂದು ಹೇಳಿಕಳಿಸಿದ. ನನ್ನ ಜನರ ಒಲೆ ಉರಿಯುವ ತನಕ ಬಾಗಿಲು ತೆಗೆಯುವುದಿಲ್ಲ ಎಂದು ಸುಲ್ತಾನ ಹೇಳಿಕಳಿಸಿದ. ಬಾದಶಹನ ಸೈನ್ಯ ಬಂದು ಕೋಟೆಯ ಸುತ್ತ ಡೇರೆ ಹಾಕಿತು.

ಮಳೆಗಾಲ ಹೋಯಿತು. ಚಳಿ ಬಂತು. ಅರಮನೆಯ ಕಣಜ ಬರಿದಾಯಿತು. ಊರಿನ ಹೊಗೆ ಮಾತ್ರ ನಿಲ್ಲಲಿಲ್ಲ. ಜನ ನೆಲದೊಳಗಿನ ಹಗೇವಿನಲ್ಲಿ ಕಾಳು ಇಟ್ಟುಕೊಂಡಿದ್ದಾರೆ, ಇನ್ನೂ ತಡೆಯಬಹುದು ಎಂದುಕೊಂಡ ಸುಲ್ತಾನ. ಉಳಿದಿದ್ದ ನುಚ್ಚಿನ ಗಂಜಿ ಕುಡಿದು ಮಲಗುತ್ತಿದ್ದ.

ಒಂದು ಸಂಜೆ ನಗಾರಿಯವನಿಗೆ ಕೋಲು ಎತ್ತಲಾಗಲಿಲ್ಲ. ಸುಲ್ತಾನ ನಗಾರಿಯಿಲ್ಲದೆ ಬುರುಜು ಹತ್ತಿದ. ಒಂದು ಮನೆಯಲ್ಲೂ ಹೊಗೆ ಇರಲಿಲ್ಲ. ಕೆಳಗೆ ಯಾರೋ ಅವನನ್ನು ಕಂಡರು, ಓಣಿಯಲ್ಲಿ ಓಡಿದರು. ಸ್ವಲ್ಪ ಹೊತ್ತಿಗೆ ಎಲ್ಲ ಮನೆಯಿಂದಲೂ ಒಟ್ಟಿಗೇ ಹೊಗೆ ಎದ್ದಿತು.

ಅಡುಗೆ ಮಾಡುವವರು ಒಲೆ ಹಚ್ಚುವುದು ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಹೀಗೆ ಒಟ್ಟಿಗೇ ಅಲ್ಲ. ಸುಲ್ತಾನ ಇಳಿದು ಹತ್ತಿರದ ಮನೆಗೆ ಹೋದ.

ಒಬ್ಬ ಮುದುಕಿ ಮುರಿದ ಮಂಚದ ಕಾಲನ್ನು ಒಲೆಗೆ ಇಡುತ್ತಿದ್ದಳು. ಗಡಿಗೆಯನ್ನು ತೊಳೆದು ಮೂಲೆಯಲ್ಲಿ ಬೋರಲು ಹಾಕಿದ್ದಳು.

“ಏನಮ್ಮಾ, ಒಲೆ ಉರೀತಿದೆ, ಗಡಿಗೆ ಬೋರಲು ಬಿದ್ದಿದೆ. ಏನು ಅಡುಗೆ?”

“ನಿಮ್ಮ ಊಟ, ದೊರೆ” ಎಂದಳು ಮುದುಕಿ. “ಹೊಗೆ ಕಾಣದಿದ್ದರೆ ನೀವು ಉಣ್ಣೋದಿಲ್ಲವಲ್ಲ. ಮಂಚಕ್ಕೆ ಇನ್ನೂ ಮೂರು ಕಾಲಿವೆ, ಚಿಂತೆ ಬೇಡ.”

ಸುಲ್ತಾನ ಆ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದ. ಬೆಳಗಾಗುತ್ತಲೇ ಹೊರಗಿನ ಸೈನ್ಯದ ಸರದಾರನಿಗೆ ಹೇಳಿಕಳಿಸಿದ. ಮೊದಲು ಜೋಳದ ಗಾಡಿಗಳು ಒಳಗೆ ಬರಲಿ, ಆಮೇಲೆ ಕೋಟೆ ಬಿಟ್ಟುಕೊಟ್ಟು ನಾನು ಹೊರಗೆ ಬರುತ್ತೇನೆ ಎಂದ. ಹಾಗೆಯೇ ಆಯಿತು.

ಹೆಬ್ಬಾಗಿಲಲ್ಲಿ ಬಾದಶಹನ ಸರದಾರ ನಕ್ಕ. “ಎಂಥ ಕೆಲಸ ಮಾಡಿಬಿಟ್ಟಿರಿ ಸುಲ್ತಾನರೆ. ದಿನಾ ನಿಮ್ಮ ಊರಿನ ಹೊಗೆ ನೋಡಿ ನಮ್ಮವರ ಕೈಕಾಲು ಸೋತಿದ್ದವು. ಇವರ ಕಾಳು ಮುಗಿಯುವ ಹಾಗಿಲ್ಲ ಎಂದು ನಾಳೆ ಡೇರೆ ಕೀಳುವವರಿದ್ದೆವು.”

ಸುಲ್ತಾನ ಕತ್ತಿ ಬಿಚ್ಚಿ ಕೊಟ್ಟ. ಈ ಒಂದು ಸಂಜೆ ಬುರುಜು ಹತ್ತಲು ಬಿಡಿ ಎಂದು ಕೇಳಿದ. ಸರದಾರ ಒಪ್ಪಿದ, ಕಾವಲಿನವರನ್ನು ಜೊತೆಗೆ ಕಳಿಸಿದ.

ಅವತ್ತೂ ನಗಾರಿ ಇರಲಿಲ್ಲ. ಒಂದು ಮನೆಯಲ್ಲಿ ಹೊಗೆ ಎದ್ದಿತು. ಆಮೇಲೆ ದೂರದ ಓಣಿಯಲ್ಲಿ ಇನ್ನೊಂದು. ಕೆಲವರದು ಬೇಗ, ಕೆಲವರದು ನಿಧಾನ. ಮುದುಕಿಯ ಮನೆಯದೇ ಕೊನೆಗೆ. ಅದು ಏಳುವ ತನಕ ಸುಲ್ತಾನ ನಿಂತಿದ್ದ. ಇಳಿದು ಬಂದು ಕಾವಲಿನವರ ನಡುವೆ ಉಣ್ಣಲು ಕೂತ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಮರುದಿನ ಅವನನ್ನು ಉತ್ತರಕ್ಕೆ ಕರೆದುಕೊಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು.

“ಇನ್ನೊಂದು ದಿನ ತಡೆದಿದ್ದರೆ ಕೋಟೆ ಉಳಿಯುತ್ತಿತ್ತಲ್ಲ ಅಯ್ಯಾ” ಎಂದ ಶಿಷ್ಯ. “ಜನ ಚೆನ್ನಾಗಿಯೇ ಮುಚ್ಚಿಟ್ಟಿದ್ದರು.”

“ಸಂಜೆ ನಾನು ಮಠದ ಜಗಲಿಗೆ ಬಂದು ಕೂತ ಮೇಲೇ ನಿನ್ನ ಮನೆಯಲ್ಲಿ ಹೊಗೆ ಏಳುತ್ತದೆ” ಎಂದರು ಗುರುಗಳು, “ಗಡಿಗೆ ಬೋರಲು ಹಾಕಿ ಎಷ್ಟು ದಿನವಾಯಿತು, ಮಗನೆ?”